ಆಗುಂಬೆ ಎಂಬ ಚಿಪ್



ಆಗುಂಬೆ ಅಂದರೆ ನಮಗೆ ಮಳೆ, ಘಾಟಿ, ಸೂರ್ಯಾಸ್ತ. ಬೆಂಗಳೂರಿನ ಸಿಗ್ನಲ್‌ಚಿಪ್ ಎಂಬ ಪುಟ್ಟ ಕಂಪನಿ ಅದೇ ಹೆಸರನ್ನು ತನ್ನ ಚಿಪ್‌ಗಳಿಗೆ ಇಟ್ಟಿತು. 2019ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಅವುಗಳನ್ನು ಲೋಕಕ್ಕೆ ತೋರಿಸಿದವರು ದೂರಸಂಪರ್ಕ ಇಲಾಖೆಯ ಅಂದಿನ ಕಾರ್ಯದರ್ಶಿ ಅರುಣಾ ಸುಂದರರಾಜನ್. ಎರಡು 4ಜಿ ಮೋಡೆಮ್ ಚಿಪ್, ರೇಡಿಯೊ ಅಲೆ ಕಳಿಸುವ, ಹಿಡಿಯುವ ಎರಡು ಟ್ರಾನ್ಸೀವರ್, ಆ ಟ್ರಾನ್ಸೀವರ್‌ಗಳಲ್ಲೊಂದು 5ಜಿಗೆ. ಇಸ್ರೋದ ನಾವಿಕ್ ಉಪಗ್ರಹಗಳ ನೆರವಿನಿಂದ ಸ್ಥಳ ಗುರುತಿಸುವ ಸೌಲಭ್ಯವೂ ಇತ್ತು.

ಬಿಡುಗಡೆಯ ದಿನದ ಫೋಟೋಗಿಂತ ಅದಕ್ಕೆ ಮೊದಲಿನ ವರ್ಷಗಳ ಬಗ್ಗೆ ನನಗೆ ಆಸಕ್ತಿ. ನಾವು ಸೇರಿರುವ ಯಲಹಂಕಕ್ಕೆ ಹತ್ತಿರದ ಜಾಲಹಳ್ಳಿಯಲ್ಲಿ ಬಿಇಎಲ್ 1960ರ ದಶಕದಲ್ಲೇ ಟ್ರಾನ್ಸಿಸ್ಟರ್ ಮಾಡುತ್ತಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು, ಅದರ ಹಿಂದೆ ಉಳಿದ ಕಂಪನಿಗಳು ಬಂದವು. ನಮ್ಮ ಹುಡುಗ ಹುಡುಗಿಯರು ಚಿಪ್ ವಿನ್ಯಾಸದಲ್ಲಿ ಪಳಗಿದರು. ಚಿಪ್ಪಿನ ಮೇಲಿನ ಹೆಸರು ಮಾತ್ರ ಬೇರೆಯವರದು. ಹಿಮಾಂಶು ಖಾಸನೀಸ್ 2010ರಲ್ಲಿ ಸಿಗ್ನಲ್‌ಚಿಪ್ ಕಟ್ಟಿದ್ದು ಇಂಥ ಊರಿನಲ್ಲಿ.

ಅವರ ಮೊದಲ ಫಲ 2015ರ ಟ್ರಾನ್ಸೀವರ್, ಎಸ್‌ಸಿಆರ್‌ಎಫ್1401. ಅದು ಎಷ್ಟು ಕಷ್ಟದ ಕೆಲಸವೆಂದು ವಿದ್ಯಾರ್ಥಿಗಳಿಗೆ ಹೇಳಲೇಬೇಕು. ಬೇಸ್ ಸ್ಟೇಷನ್ ತಾನೇ ಜೋರಾಗಿ ಪ್ರಸಾರ ಮಾಡುತ್ತಿರುವಾಗಲೇ ದೂರದ ಫೋನಿನ ಕ್ಷೀಣ ಅಲೆಯನ್ನೂ ಹಿಡಿಯಬೇಕು. ಜಾತ್ರೆಯ ಮೈಕಿನ ಬುಡದಲ್ಲಿ ನಿಂತು, ಊರಾಚೆಯ ಪಿಸುಮಾತು ಕೇಳಿಸಿಕೊಂಡ ಹಾಗೆ. ಮೋಡೆಮ್ಮಿನ ಕಷ್ಟ ಇನ್ನೊಂದು ಥರ. 4ಜಿಯಲ್ಲಿ ಫೋನು ಕಳಿಸುವುದು 1 ಮಿಲಿಸೆಕೆಂಡಿನ ತುಣುಕು. ಅದನ್ನು ಬಿಡಿಸಿ, ತಪ್ಪು ತಿದ್ದಿ, ತಲುಪಿತೋ ಇಲ್ಲವೋ ಎಂಬ ಉತ್ತರವನ್ನು 4 ಮಿಲಿಸೆಕೆಂಡಿನೊಳಗೆ ಹೊರಡಿಸಬೇಕು. ಸಿಮ್ಯುಲೇಶನ್‌ನಲ್ಲಿ ಎಲ್ಲವೂ ಸರಿಯಿರುತ್ತದೆ. ಟೇಪ್‌ಔಟ್ ಆಗಿ, ಅಂದರೆ ವಿನ್ಯಾಸ ತಯಾರಿಕೆಗೆ ಹೋಗಿ, ಹೊರದೇಶದ ಚಿಪ್ ಕಾರ್ಖಾನೆಯಿಂದ, ಅಂದರೆ ಫ್ಯಾಬ್‌ನಿಂದ, ಚಿಪ್ ವಾಪಸ್ ಬರುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಸಣ್ಣ ತಪ್ಪೊಂದು ಉಳಿದಿದ್ದರೆ ಮತ್ತೆ ಮಾಸ್ಕ್ ಖರ್ಚು, ಮತ್ತೆ ಕಾಯುವಿಕೆ, ಅಷ್ಟೂ ದಿನ ಸಂಬಳ. ಎಂಟು ವರ್ಷ ಇದನ್ನು ತಾಳಿಕೊಂಡದ್ದೇ ನನ್ನ ಮಟ್ಟಿಗೆ ದೊಡ್ಡ ಸಾಧನೆ.

ಸಿಗ್ನಲ್‌ಚಿಪ್ ಒಂದೇ ಅಲ್ಲ, ಬೆಂಗಳೂರಿನದೇ ಆದ ಸಾಂಖ್ಯ ಲ್ಯಾಬ್ಸ್ 2018ರಲ್ಲಿ ಪೃಥ್ವಿ-3 ಚಿಪ್ ತಂದಿತು. 2022ರಲ್ಲಿ ಆ ಕಂಪನಿಯ ಬಹುಪಾಲು ಷೇರು ದೂರಸಂಪರ್ಕ ಉಪಕರಣ ತಯಾರಿಸುವ ತೇಜಸ್ ನೆಟ್‌ವರ್ಕ್ಸ್ ಪಾಲಾಯಿತು. ಚಿಪ್ ಇದ್ದರೆ ಸಾಲದು, ಅದನ್ನು ಕೂರಿಸಿಕೊಳ್ಳುವ ಉಪಕರಣ ಬೇಕು, ಆ ಉಪಕರಣ ಕೊಳ್ಳುವ ಜಾಲ ಬೇಕು. ಅವು ಎಲ್ಲಿಂದ ಬರಬೇಕು? ನಮ್ಮ ಈ ವಿಚಾರಸಂಕಿರಣದ ಮಧ್ಯಾಹ್ನದ ಗೋಷ್ಠಿ ಈ ಪ್ರಶ್ನೆಯನ್ನು ಬಿಡದೆ ಹಿಡಿಯಲಿ.

ಬೆಳಗಿನ ಗೋಷ್ಠಿಯವರಲ್ಲಿ ನನ್ನದೊಂದು ಕೋರಿಕೆ. ಬಿಡುಗಡೆಯ ತಾರೀಖುಗಳು ಎಲ್ಲಾದರೂ ಸಿಗುತ್ತವೆ. ಲ್ಯಾಬಿನ ನೋಟ್‌ಬುಕ್‌ಗಳು ಮಾತ್ರ ಆಫೀಸು ಬದಲಾದಾಗ ರದ್ದಿಗೆ ಹೋಗುತ್ತವೆ. ನಿಮ್ಮ ಮೊದಲ ಚಿಪ್ ಫ್ಯಾಬ್‌ನಿಂದ ಬಂದ ದಿನ ಏನೇನು ಕೆಲಸ ಮಾಡಲಿಲ್ಲ? ಪ್ರಬಂಧವನ್ನು ದಯವಿಟ್ಟು ಅಲ್ಲಿಂದಲೇ ಶುರುಮಾಡಿ.