ಬೌದ್ಧರ ಧ್ಯಾನಮಾರ್ಗ: ತತ್ತ್ವ ಮತ್ತು ಪ್ರಯೋಜನ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಲಿಂಗನಿಷ್ಠರ ಈ ಸಭೆಯಲ್ಲಿ ಬೌದ್ಧರ ಧ್ಯಾನದ ಮಾತೇಕೆಂದು ಯಾರಾದರೂ ಕೇಳಬಹುದು. ಆ ಮಾರ್ಗವು ನಮ್ಮ ನಾಡಿಗೆ ಪರಕೀಯವಾದುದಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಸೇರಿರುವ ಈ ಬಾಗಲಕೋಟೆ ಜಿಲ್ಲೆಯಲ್ಲಿಯೇ, ಐಹೊಳೆಯ ಮೇಗುತಿ ಗುಡ್ಡದಲ್ಲಿ, ಎರಡು ಅಂತಸ್ತಿನ ಬೌದ್ಧ ಮಂದಿರವು ಇಂದಿಗೂ ನಿಂತಿದೆ. ಡಂಬಳದ 1095ರ ಶಾಸನವು ಬುದ್ಧನ ವಿಹಾರಕ್ಕೂ ತಾರಾದೇವಿಯ ವಿಹಾರಕ್ಕೂ ಬಿಟ್ಟ ದತ್ತಿಯನ್ನು ಹೇಳುತ್ತದೆ. 1966ರಲ್ಲಿ ಮುಂಡಗೋಡದಲ್ಲಿ ಟಿಬೇಟಿಯರ ವಸತಿ ಏರ್ಪಟ್ಟ ಮೇಲಂತೂ ಬೌದ್ಧ ಭಿಕ್ಷುಗಳು ನಮ್ಮ ನೆರೆಯವರೇ ಆಗಿದ್ದಾರೆ. ನೆರೆಯವರ ಸಾಧನೆಯನ್ನು ಸರಿಯಾಗಿ ಅರಿತುಕೊಳ್ಳುವುದು ಸಜ್ಜನರ ಲಕ್ಷಣವು.

ಧ್ಯಾನವೆಂದರೆ ಮನಸ್ಸಿಗೆ ಕೊಂಚ ನೆಮ್ಮದಿಯನ್ನು ತರುವ ಉಪಾಯವೆಂದೂ, ಸಿದ್ಧಿಗಳನ್ನು ಪಡೆಯುವ ವಿದ್ಯೆಯೆಂದೂ ಹಲವರು ತಿಳಿದಿರುವರು. ಬುದ್ಧನ ಅಭಿಪ್ರಾಯವು ಹಾಗಿರಲಿಲ್ಲ. ಮನೆಯನ್ನು ಬಿಟ್ಟು ಹೊರಟ ಸಿದ್ಧಾರ್ಥನು ಆಳಾರ ಕಾಲಾಮ, ಉದ್ದಕ ರಾಮಪುತ್ರ ಎಂಬ ಗುರುಗಳಲ್ಲಿ ಅತಿ ಸೂಕ್ಷ್ಮವಾದ ಸಮಾಧಿಗಳನ್ನು ಕಲಿತನು. ಅವುಗಳಿಂದ ದುಃಖದ ಬೇರು ಕಡಿಯಲಿಲ್ಲವೆಂದು ಕಂಡು ಅವರನ್ನು ಬಿಟ್ಟು ನಡೆದನು. ಸಮಾಧಿಯ ಸುಖವು ದೊರೆತರೂ ತೃಷ್ಣೆಯು ಉಳಿದರೆ ಕಾರ್ಯವು ಮುಗಿದಂತಾಗಲಿಲ್ಲ. ಇದೇ ಆ ಮಾರ್ಗದ ಮರ್ಮವು.

ಅದು ಕಾರಣ ಬೌದ್ಧರು ಸಾಧನೆಯನ್ನು ಶೀಲ, ಸಮಾಧಿ, ಪ್ರಜ್ಞೆ ಎಂದು ಮೂರಾಗಿ ವಿಂಗಡಿಸಿದರು. ಹಗಲೆಲ್ಲ ತೂಕದಲ್ಲಿ ಮೋಸ ಮಾಡಿದವನಿಗೆ ಸಂಜೆ ಕಣ್ಣುಮುಚ್ಚಿದೊಡನೆ ಚಿತ್ತವು ನಿಲ್ಲುವುದೆಂತು? ಆದುದರಿಂದ ಶೀಲವೇ ತಳಹದಿ. ಅದರ ಮೇಲೆ ಸಮಾಧಿಗಾಗಿ ಶ್ವಾಸದ ಸ್ಮೃತಿಯನ್ನು ಹೇಳಿದರು. ಉಸಿರನ್ನು ಬಿಗಿಹಿಡಿಯಬೇಕಾಗಿಲ್ಲ, ಒಳಗೆ ಬಂದುದನ್ನೂ ಹೊರಗೆ ಹೋದುದನ್ನೂ ಇದ್ದಂತೆಯೇ ತಿಳಿದರಾಯಿತು. ಬನಹಟ್ಟಿಯ ನೇಕಾರನು ಮಗ್ಗದಲ್ಲಿ ಲಾಳಿಯು ಹೋಗಿ ಬರುವುದರ ಮೇಲೆ ಲಕ್ಷ್ಯವಿಡುವನು. ಎಳೆ ಕಡಿದರೆ ಬೈಯುತ್ತ ಕೂಡ್ರದೆ ಗಂಟಿಕ್ಕಿ ಮುಂದೆ ನೇಯುವನು. ಚಿತ್ತವು ಓಡಿಹೋದಾಗಲೂ ಸಾಧಕನು ಹಾಗೆಯೇ ಅದನ್ನು ಉಸಿರಿಗೆ ತಂದು ಕೂಡಿಸಬೇಕು. ಅತಿಯಾದ ಹಟವೂ ಸಲ್ಲದು. ಕಾಲು ಒಡೆದು ನೆತ್ತರು ಸುರಿಯುವಂತೆ ಅಡ್ಡಾಡಿ ಸಾಧಿಸುತ್ತಿದ್ದ ಸೋಣನೆಂಬ ಭಿಕ್ಷುವಿಗೆ ಬುದ್ಧನು, ವೀಣೆಯ ತಂತಿಯು ಅತಿ ಬಿಗಿಯೂ ಅತಿ ಸಡಿಲವೂ ಆಗಿರಬಾರದೆಂದು ತಿಳುಹಿದನು.

ಚಿತ್ತವು ನಿಂತ ಬಳಿಕ ಪ್ರಜ್ಞೆಯ ಕೆಲಸವು ಮೊದಲಾಗುವುದು. ಕಾಯ, ವೇದನೆ, ಚಿತ್ತ, ಧರ್ಮ ಎಂಬ ನಾಲ್ಕನ್ನು ಸಾಧಕನು ನೋಡುತ್ತ ಹೋಗುವನು. ಒಬ್ಬನು ಕಟುವಾದ ಮಾತನ್ನಾಡಿದನೆನ್ನಿರಿ. ಕಿವಿಗೆ ಬಿದ್ದೊಡನೆ ಎದೆಯಲ್ಲಿ ಅಹಿತವಾದ ವೇದನೆ ಏಳುವುದು. ಅದರ ಬೆನ್ನಿಗೆ ದ್ವೇಷವು ಬರುವುದು. ಅದರ ಬೆನ್ನಿಗೆ ಬೈಗುಳ. ವೇದನೆಯನ್ನು ಏಳುವಾಗಲೇ ಕಂಡವನಿಗೆ ಅದು ತಾನಾಗಿಯೇ ಅಳಿಯುವುದೂ ಕಾಣುವುದು. ಅನಿತ್ಯವಾದುದನ್ನು ನನ್ನದೆಂದು ಹಿಡಿಯುವುದೇ ದುಃಖವೆಂದು ಅವನು ಅನುಭವದಿಂದ ಅರಿಯುವನು. ಹಿಡಿತವು ಸಡಲುವುದೇ ಆ ಧ್ಯಾನದ ಪ್ರಯೋಜನ. ಅದರ ಪೂರ್ಣತೆಯೇ ನಿರ್ವಾಣ.

ಎಲ್ಲ ಮಾರ್ಗಗಳೂ ಒಂದೇ ಎಂದು ಸುಲಭವಾಗಿ ಹೇಳಿಬಿಡಲು ನಾನು ಒಪ್ಪೆನು. ನಮ್ಮ ಶಿವಯೋಗಿಯು ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿಯನ್ನಿಟ್ಟು ಲಿಂಗಾಂಗ ಸಾಮರಸ್ಯವನ್ನು ಬಯಸುವನು. ಬೌದ್ಧ ಸಾಧಕನಿಗೆ ಸೃಷ್ಟಿಕರ್ತನಾದ ಈಶ್ವರನೂ ಇಲ್ಲ, ಶಾಶ್ವತನಾದ ಆತ್ಮನೂ ಇಲ್ಲ. ಈ ಭೇದವನ್ನು ಮುಚ್ಚಿದರೆ ಎರಡು ಮಾರ್ಗಗಳಿಗೂ ಅನ್ಯಾಯವಾಗುವುದು. ಆದರೆ ಬೌದ್ಧರು ತಮಗೆ ತಾವೇ ಹಾಕಿಕೊಳ್ಳುವ ಪ್ರಶ್ನೆಯೊಂದನ್ನು ನಾವೂ ಕೇಳಿಕೊಳ್ಳಲೇಬೇಕು: ಆಸನದಿಂದ ಎದ್ದ ಮೇಲೆ ನಾನು ಯಾರು? ಅಣ್ಣತಮ್ಮಂದಿರ ಪಾಲಿನಲ್ಲಿ, ಕಾಲುವೆಯ ನೀರಿನ ಸರದಿಯಲ್ಲಿ, ಸಾಲಗಾರನು ಬಾಗಿಲಿಗೆ ಬಂದಾಗ ನನ್ನ ಲೋಭವೂ ಸಿಟ್ಟೂ ನಿನ್ನೆಗಿಂತ ಕಡಿಮೆಯಾದವೇ? ಆಗದಿದ್ದರೆ ಪೂಜೆಯ ಹೊತ್ತನ್ನು ಹೆಚ್ಚಿಸುವುದರ ಜೊತೆಗೆ ನಡೆಯನ್ನೂ ತಿದ್ದಿಕೊಳ್ಳಬೇಕಾಗಿದೆ.