ಕೇಳಿದವರಿಗೆ ಹೇಳುವ ಮಾತು
(ಬಾಳೆಗುಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚುರೂಪ)



ದಿನನಿತ್ಯದ ಬದುಕಿನಲ್ಲಿ ಕ್ರೈಸ್ತ ನಂಬಿಕೆಯ ಬಗ್ಗೆ ಮಾತಾಡುವುದು ಹೇಗೆ ಎಂಬುದು ಇವತ್ತಿನ ವಿಷಯ. ಅದಕ್ಕೆ ಬಾಳೆಗುಳಿ ತಕ್ಕ ಜಾಗವೇ. ಹುಬ್ಬಳ್ಳಿ ರಸ್ತೆ ಬಂದು ಕರಾವಳಿ ಹೆದ್ದಾರಿಗೆ ಕೂಡುವ ಈ ಕ್ರಾಸಿನಲ್ಲಿ ನಿಂತ ಲಾರಿಗಳ ಮುಂಗಾಜು ನೋಡಿ. ಒಂದರಲ್ಲಿ ಸವದತ್ತಿ ಎಲ್ಲಮ್ಮ, ಇನ್ನೊಂದರಲ್ಲಿ 786, ಮತ್ತೊಂದರಲ್ಲಿ ವೇಲಾಂಕಣಿ ಮಾತೆ. ಡ್ರೈವರುಗಳು ಒಂದೇ ಬೆಂಚಿನಲ್ಲಿ ಕೂತು ಚಾ ಕುಡಿದು ಹೋಗುತ್ತಾರೆ. ಜಗಳವೇನೂ ಇಲ್ಲ. ಹಾಗೆಂದು ಮಾತುಕತೆ ಇದೆ ಎಂದೂ ಹೇಳುವಂತಿಲ್ಲ. ಕ್ರಿಸ್ಮಸ್ಸಿಗೆ ನಮ್ಮ ಮನೆಯ ನೇವ್ರಿ ಬೇಲಿ ದಾಟಿ ಹೋಗುತ್ತದೆ, ಚೌತಿಗೆ ಪಂಚಕಜ್ಜಾಯ ಬೇಲಿ ದಾಟಿ ಬರುತ್ತದೆ. ತಿಂಡಿ ದಾಟಿದಷ್ಟು ಸಲೀಸಾಗಿ ನಂಬಿಕೆಯ ಮಾತು ದಾಟುವುದಿಲ್ಲ. ನಮ್ಮಲ್ಲಿ ಕೆಲವರು ಬಾಯಿಯೇ ಬಿಡುವುದಿಲ್ಲ. ಬಿಟ್ಟ ಕೆಲವರು ಮುಚ್ಚುವುದಿಲ್ಲ.

ನವೆಂಬರ್ 2 ನಮಗೆ ಸತ್ತವರ ಸ್ಮರಣೆಯ ದಿನ. ಮಳೆಗಾಲದಲ್ಲಿ ಬೆಳೆದ ಕಳೆ ಕಿತ್ತು, ಗೋರಿ ತೊಳೆದು, ಹೂವಿಟ್ಟು ಮೇಣದಬತ್ತಿ ಹಚ್ಚುತ್ತೇವೆ. ಕಡಲ ಗಾಳಿಗೆ ಬತ್ತಿ ಆರದಂತೆ ಯಾರೋ ತೆಂಗಿನ ಗರಟೆ ಅಡ್ಡ ಇಡುತ್ತಾರೆ. ರಸ್ತೆಯಲ್ಲಿ ಹೋಗುವ ನೆರೆಮನೆಯವಳು ಗೋಡೆಯಾಚೆ ನಿಂತು ಕೇಳುತ್ತಾಳೆ: “ಬಾಯಿ, ಇದು ನಿಮ್ಮ ಪಿತೃಪಕ್ಷವಾ?”

ಈ ಪ್ರಶ್ನೆಗೆ ಎರಡು ಸುಲಭದ ಉತ್ತರಗಳಿವೆ. “ಛೆ, ಅದಲ್ಲ, ನಮ್ಮದೇ ಬೇರೆ” ಎಂದರೆ ಕೇಳಿದವಳ ಮುಖಕ್ಕೆ ಬಾಗಿಲು ಹಾಕಿದ ಹಾಗೆ. “ಹೌದಮ್ಮ, ಎಲ್ಲಾ ಒಂದೇ” ಎನ್ನುವುದನ್ನು ಜನ ಸೌಜನ್ಯವೆಂದು ತಿಳಿದಿದ್ದಾರೆ. ನನಗೆ ಅದು ಸೋಮಾರಿತನವಾಗಿ ಕಾಣುತ್ತದೆ. ಆಕೆ ತನ್ನ ಮನೆಯ ಆಚರಣೆಯೊಂದನ್ನು ನಮ್ಮ ಮುಂದಿಟ್ಟು ಕೇಳಿದ್ದಾಳೆ. ಅಲ್ಲಿಂದಲೇ ಶುರುಮಾಡಬಹುದಲ್ಲ: “ಅದಕ್ಕೆ ಹತ್ತಿರದ್ದೇ ಅಕ್ಕಾ. ನಾವು ಪಿಂಡ ಇಡೂದಿಲ್ಲ, ಹೆಸರು ಹೇಳಿ ಪ್ರಾರ್ಥನೆ ಮಾಡ್ತೇವೆ. ಸತ್ತವರು ದೇವರ ಕೈಯಲ್ಲಿದ್ದಾರೆ, ಯೇಸು ಎದ್ದ ಹಾಗೆ ಅವರೂ ಒಂದಿನ ಏಳ್ತಾರೆ ಅಂತ ನಮ್ಮ ನಂಬಿಕೆ.” ಅಷ್ಟು ಹೇಳಿ, “ನಿಮ್ಮಲ್ಲಿ ಆ ದಿನ ಏನು ಮಾಡ್ತೀರಿ?” ಎಂದು ಕೇಳಬೇಕು. ಪೇತ್ರನ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ ಬರುವ ಬುದ್ಧಿಮಾತಿನ ತಾತ್ಪರ್ಯವೂ ಇದೇ. ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ತಯಾರಿರಿ, ಆದರೆ ಮೆತ್ತಗೆ, ಮರ್ಯಾದೆಯಿಂದ ಕೊಡಿ ಎಂಬುದು. ಅಲ್ಲಿ ಮೊದಲು ಪ್ರಶ್ನೆ ಇದೆ, ಆಮೇಲೆ ಉತ್ತರ.

ಹಿರಿಯರ ವಿಷಯ ಬಂದದ್ದಕ್ಕೆ ಒಂದು ಮಾತು. ಇದೇ ಹುಬ್ಬಳ್ಳಿ ರಸ್ತೆಯಲ್ಲಿ ಘಟ್ಟ ಹತ್ತಿದರೆ ಯಲ್ಲಾಪುರ, ಅಲ್ಲಿಂದಾಚೆ ಹಳಿಯಾಳ, ಮುಂಡಗೋಡ. ಅಲ್ಲಿಯ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ಯಾಥೊಲಿಕರಿದ್ದಾರೆ. ಹಿರಿಯರನ್ನು ನೆನೆಯುವ ರೂಢಿ ಮೂರೂ ಕಡೆ ಇದೆ. ನಂಬಿಕೆಯ ಮಾತುಕತೆ ಹೇಗಿರಬೇಕೆಂದು ನಮಗಿಂತ ಅವರನ್ನು ಕೇಳುವುದು ಲೇಸು.

ಕರಾವಳಿಯಲ್ಲಿ ಈ ಮಾತು ಯಾವಾಗಲೂ ಮೆತ್ತಗಿತ್ತು ಎಂದೇನೂ ಇಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಮೊದಲ ಮೂವರಲ್ಲಿ ಒಬ್ಬರಾದ ಸ್ಯಾಮುಯೆಲ್ ಹೆಬಿಕ್ ಮುಂದೆ ಮಲಬಾರಿನ ಜಾತ್ರೆಗಳಲ್ಲಿ ನಿಂತು ಗಟ್ಟಿದನಿಯಲ್ಲಿ ಪ್ರಸಂಗ ಮಾಡಿದರು. ಅವರ ಧೈರ್ಯಕ್ಕೆ ಕೈಮುಗಿಯುತ್ತೇನೆ. ಆದರೆ ಒಬ್ಬರು ಹರಕೆ ತೀರಿಸಲು ಬಂದ ಜಾಗದಲ್ಲಿ ಅವರ ದೇವರನ್ನೇ ಜರೆದರೆ ಅದು ಸುವಾರ್ತೆಯಾಗಿ ಕೇಳಿಸುವುದು ಕಷ್ಟ. ಅದೇ ಮಿಶನ್ನಿನಿಂದ 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಕನ್ನಡದ ಛಂದಸ್ಸು ಕಲಿತು, 1862ರಲ್ಲಿ ಯೇಸುವಿನ ಕಥೆಯನ್ನು ‘ಕಥಾಮಾಲೆ’ ಎಂಬ ಕನ್ನಡ ಕಾವ್ಯವಾಗಿ ಹೇಳಿದರು. 1894ರ ನಿಘಂಟು ಎಲ್ಲರಿಗೂ ಗೊತ್ತು. ‘ಕಥಾಮಾಲೆ’ಯನ್ನು ನಮ್ಮ ಇಗರ್ಜಿಗಳಲ್ಲೇ ಕೇಳಿದವರು ಕಡಿಮೆ.

ಇವರಿಗಿಂತ ನನಗೆ ಹತ್ತಿರದವರು ಉತ್ತಂಗಿ ಚನ್ನಪ್ಪನವರು. ಈ ಹುಬ್ಬಳ್ಳಿ ರಸ್ತೆಯ ಆಚೆ ತುದಿಯ ಸೀಮೆಯವರು, 1881ರಲ್ಲಿ ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಶನ್ನಿನ ಪಾದ್ರಿಯಾದವರು. ಊರೂರಿನ ಜನರ ಬಾಯಲ್ಲಿದ್ದ, ಹಸ್ತಪ್ರತಿಗಳಲ್ಲಿ ಚದುರಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಆಮೇಲೆ ಶರಣರ ವಚನಗಳ ಅಧ್ಯಯನಕ್ಕೂ ಇಳಿದರು. ಪ್ರಸಂಗ ಮಾಡುವುದೇ ವೃತ್ತಿಯಾದ ಮನುಷ್ಯ ವರ್ಷಗಟ್ಟಲೆ ಬೇರೆಯವರ ಮಾತನ್ನು ಕೇಳಿ ಬರೆದುಕೊಂಡ ಪರಿ ಇದು. ಅದಕ್ಕಾಗಿ ಅವರು ಕ್ರಿಸ್ತನನ್ನು ಬಚ್ಚಿಡಲೂ ಇಲ್ಲ, ಪಾದ್ರಿಯ ಹೆಸರು ಬಿಡಲೂ ಇಲ್ಲ. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿತು.

ಮಾತೇ ಬೇಡವಾದ ಹೊತ್ತೂ ಇರುತ್ತದೆ. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತಲ್ಲ, ಅಂಥ ದಿನ ಅಕ್ಕಿ ಚೀಲದ ಜೊತೆ ಕರಪತ್ರ ಕೊಡಬಾರದು. ಕೊಟ್ಟರೆ ಅಕ್ಕಿಯೂ ಕೆಟ್ಟಿತು, ಕರಪತ್ರವೂ ಕೆಟ್ಟಿತು. ಯೋಬನ ಗೆಳೆಯರು ಏಳು ದಿನ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಆ ಏಳು ದಿನ ಅವರು ಒಳ್ಳೆಯ ಗೆಳೆಯರೇ. ಬಾಯಿಬಿಟ್ಟು ಅವನ ಕಷ್ಟಕ್ಕೆ ಕಾರಣ ವಿವರಿಸತೊಡಗಿದ ಮೇಲೆ ಕೆಟ್ಟರು.

ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪಾಲಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಅದರಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಈ ತೀರ್ಪಿನ ಬಗ್ಗೆ ವಾದ ಇನ್ನೂ ಮುಗಿದಿಲ್ಲ, ವಕೀಲರು ಮಾಡಿಕೊಳ್ಳಲಿ. ಗೋಡೆಯಾಚೆ ನಿಂತು ಕೇಳಿದವಳಿಗೆ ಉತ್ತರ ಕೊಡಲು ಯಾವ ಕೋರ್ಟೂ ಅಡ್ಡ ಬರುವುದಿಲ್ಲ.

ನಮಗೆ ಅಡ್ಡ ಬರುವುದು ಬೇರೆಯದೇ. ಕಾರವಾರ ಧರ್ಮಪ್ರಾಂತ್ಯವಾಗಿದ್ದು 1976ರಲ್ಲಿ. ಅದಕ್ಕಿಂತ ಎಷ್ಟೋ ಮೊದಲಿನಿಂದ ನಮ್ಮ ಮನೆಗಳಲ್ಲಿ ದೇವರ ಮಾತೆಲ್ಲ ಕೊಂಕಣಿಯಲ್ಲೇ. ಕೊಂಕಣಿಯಲ್ಲಿ ಇಡೀ ಜಪಮಾಲೆ ತಪ್ಪದೆ ಹೇಳುವ ಹುಡುಗ, ಶಾಲೆಯ ಗೆಳೆಯ “ಶುಕ್ರವಾರ ಯಾಕೋ ಮೀನು ತಿನ್ನಬಹುದು, ಮಾಂಸ ತಿನ್ನಬಾರದು?” ಎಂದು ಕನ್ನಡದಲ್ಲಿ ಕೇಳಿದರೆ ತೊದಲುತ್ತಾನೆ. ಅವನಿಗೆ ಉತ್ತರ ಗೊತ್ತು, ಗೆಳೆಯನ ಭಾಷೆಯಲ್ಲಿ ಅದನ್ನು ಹೇಳಿ ರೂಢಿಯಿಲ್ಲ. ದತ್ತಿಯ ಬಡ್ಡಿಯಲ್ಲಿ ಏನಾದರೂ ಉಳಿದರೆ ನನ್ನದೊಂದು ಸೂಚನೆ. ಕ್ಯಾಟೆಕಿಸಂ ತರಗತಿಯ ಕಪಾಟಿನಲ್ಲಿ ಕನ್ನಡ ಬೈಬಲ್ಲಿನ ಪಕ್ಕ ಉತ್ತಂಗಿಯವರ ಸರ್ವಜ್ಞನನ್ನೂ ಇಡಿ. ತಿಂಗಳಿಗೊಂದು ಭಾನುವಾರ ಮಕ್ಕಳು ತಮ್ಮ ಗೆಳೆಯರು ಕೇಳಿದ ಪ್ರಶ್ನೆಯನ್ನು ಬರೆದುಕೊಂಡು ಬರಲಿ, ಮೇಷ್ಟ್ರೂ ಮಕ್ಕಳೂ ಕೂತು ಕನ್ನಡದಲ್ಲೇ ಉತ್ತರ ಹುಡುಕಲಿ. ಮೊದಲ ಭಾನುವಾರಕ್ಕೆ ಶುಕ್ರವಾರದ ಮೀನು ಸಾಕು.