ಲಕ್ವದಿಂದ ಚೇತರಿಕೆ: ಮನೆಯವರ ಹೊಣೆ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ; ಉರ್ದು ಮತ್ತು ಕನ್ನಡ ಕಲಿಸುವ ಶಾಲಾ ಶಿಕ್ಷಕ. ಆದರೂ ಇಂದು ಲಕ್ವದ ಬಗ್ಗೆ, ಅಂದರೆ ಪಾರ್ಶ್ವವಾಯುವಿನ ಬಗ್ಗೆ ಮಾತಾಡಲು ನಿಂತಿದ್ದೇನೆ. 2022ರ ಮಳೆಗಾಲದಲ್ಲಿ ನಮ್ಮ ಅಬ್ಬಾ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ನಿಂತಿತು. ಅವರ ಸೇವೆಯಲ್ಲಿ ನಾವು ಮಾಡಿದ ತಪ್ಪುಗಳು ನಿಮ್ಮ ಮನೆಯಲ್ಲಿ ಆಗದಿರಲಿ ಎಂಬುದೇ ಈ ಮಾತಿನ ಉದ್ದೇಶ.

ಲಕ್ವ ಎಂದರೆ ಗಾಳಿಯ ಸೋಂಕಲ್ಲ, ನಜರ್ ಅಲ್ಲ. ಮೆದುಳಿಗೆ ರಕ್ತ ಒಯ್ಯುವ ನಾಳ ಮುಚ್ಚಿಕೊಂಡರೆ ಅಥವಾ ಒಡೆದರೆ ಆ ಭಾಗದ ಜೀವಕೋಶಗಳು ಸಾಯತೊಡಗುತ್ತವೆ. ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಳ್ಳಿ; ತಕ್ಷಣ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ನಾಳ ಮುಚ್ಚಿ ಬಂದ ಲಕ್ವಕ್ಕೆ ಹೆಪ್ಪು ಕರಗಿಸುವ ಚುಚ್ಚುಮದ್ದು ಇದೆ. ಅದನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಪಾರಿವಾಳದ ರಕ್ತ ಹಚ್ಚುವುದರಲ್ಲಿ ಆ ಗಂಟೆಗಳನ್ನು ಕಳೆದುಕೊಳ್ಳುವ ಮನೆಗಳು ಇಂದಿಗೂ ಇವೆ.

ಇನ್ನು ಮನೆಗೆ ಬಂದ ಮೇಲಿನ ಮಾತು. ನೋಡಲು ಬಂದ ನೆಂಟರು ಪ್ರೀತಿಯಿಂದ ಅಬ್ಬಾ ಅವರ ಬಾಯಿಗೆ ಜಮ್‌ಜಮ್ ನೀರು, ಜೇನು ಹಾಕಲು ಮುಂದಾದರು. ಲಕ್ವ ಬಡಿದವರಿಗೆ ನುಂಗುವ ಶಕ್ತಿಯೂ ಕುಂದಿರಬಹುದು. ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ವೈದ್ಯರು ಪರೀಕ್ಷಿಸಿ ಹೇಳುವವರೆಗೆ ಬಾಯಿಗೆ ಏನನ್ನೂ ಹಾಕಬೇಡಿ. ಎಬ್ಬಿಸುವಾಗ ಬಿದ್ದ ಕೈಯನ್ನು ಹಿಡಿದು ಎಳೆಯಬೇಡಿ. ಭುಜದ ಕೀಲು ಜಾರುತ್ತದೆ. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸ್ವಲ್ಪ ಗುಣವಾಯಿತೆಂದು ರಕ್ತದೊತ್ತಡದ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಆದರೆ ನಮ್ಮ ದೊಡ್ಡ ತಪ್ಪು ಇದಾವುದೂ ಅಲ್ಲ. ಅದು ಮಾತಿಗೆ ಸಂಬಂಧಿಸಿದ್ದು.

ಬಹುತೇಕ ಜನರಲ್ಲಿ ಭಾಷೆಯ ಕೇಂದ್ರ ಮೆದುಳಿನ ಎಡಭಾಗದಲ್ಲಿರುತ್ತದೆ. ಆದ್ದರಿಂದ ಬಲಗಡೆ ಲಕ್ವವಾದವರಲ್ಲಿ ಹಲವರಿಗೆ ಭಾಷೆಯೇ ಕೈಕೊಡುತ್ತದೆ. ಇದನ್ನು ಅಫೇಸಿಯಾ ಎನ್ನುತ್ತಾರೆ. ಅಬ್ಬಾ ನೀರು ಬೇಕಾದರೆ 'ಪಾನಿ' ಎನ್ನಲಾರರು, 'ನೀರು' ಎಂದೂ ಎನ್ನಲಾರರು. 'ಬೇಡ' ಎನ್ನಬೇಕಾದಲ್ಲಿ 'ಹೌದು' ಎನ್ನುತ್ತಿದ್ದರು. ಒಂದು ದಿನ ನಾನು ಪಕ್ಕದಲ್ಲಿ ಕುಳಿತು ಸೂರ ಫಾತಿಹಾ ಓದುತ್ತಿದ್ದಾಗ ಅವರೂ ಜೊತೆಗೆ ಕೊನೆಯವರೆಗೆ ಓದಿದರು! ಮನೆಯವರೆಲ್ಲ ಅತ್ತೆವು. ಮರುಕ್ಷಣ ನೀರು ಕೇಳಲು ಹೇಳಿದರೆ ಮತ್ತೆ ಮೌನ. 'ಓದಲು ಬರುತ್ತೆ, ಮಾತಾಡಲು ಬರಲ್ಲವೇ? ಹಠ ಮಾಡುತ್ತಿದ್ದಾರೆ' ಎಂದು ಒಬ್ಬರು ಅವರೆದುರಿಗೇ ಹೇಳಿದರು. ಅಬ್ಬಾ ಗೋಡೆಯ ಕಡೆ ಮುಖ ತಿರುಗಿಸಿದರು.

ಅದು ಹಠವಲ್ಲ. ಬಾಯಿಪಾಠವಾದ ಸೂರಗಳು, ಎಣಿಕೆ, ವಾರದ ಹೆಸರುಗಳು ಅಫೇಸಿಯಾದಲ್ಲೂ ಹಲವರಿಗೆ ಉಳಿಯುತ್ತವೆ. ಹೊಸದಾಗಿ ಪದ ಹುಡುಕಿ ಹೇಳುವುದು ಬೇರೆಯೇ ಕೆಲಸ. ಅದು ಕೈಕೊಟ್ಟರೆ ಬುದ್ಧಿ ಹೋಯಿತೆಂದಲ್ಲ. ನಮ್ಮ ಮಾತು ಅವರಿಗೆ ಸಾಕಷ್ಟು ತಿಳಿಯುತ್ತಿರಬಹುದು. ಅದರ ನೋವೂ ತಿಳಿಯುತ್ತದೆ. ಲಕ್ವವಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಖಿನ್ನತೆಗೆ ಒಳಗಾಗುತ್ತಾರೆ. ಅದಕ್ಕೂ ಚಿಕಿತ್ಸೆ ಇದೆ.

ನನ್ನ ತಪ್ಪು ಏನೆಂದರೆ, ಅವರ ಪರವಾಗಿ ಎಲ್ಲವನ್ನೂ ನಾನೇ ಹೇಳುತ್ತಿದ್ದೆ. ಯಾರಾದರೂ 'ಹೇಗಿದ್ದೀರಿ?' ಎಂದರೆ ಉತ್ತರ ನನ್ನದು. ಅವರು ಬಾಯಿ ತೆರೆಯುವಷ್ಟರಲ್ಲಿ ಲೋಟ ತಂದಿಡುತ್ತಿದ್ದೆ. ಅದನ್ನೇ ಸೇವೆ ಎಂದುಕೊಂಡಿದ್ದೆ. ವಾಕ್ ಚಿಕಿತ್ಸಕಿಯೊಬ್ಬರು ಇದನ್ನು ನೋಡಿ, 'ಸರ್, ತರಗತಿಯಲ್ಲಿ ಹುಡುಗನ ಉತ್ತರವನ್ನು ನೀವೇ ಹೇಳುತ್ತೀರಾ?' ಎಂದು ಕೇಳಿದರು. ಬಿ.ಎಡ್. ಓದಿದ ನನಗೆ ನಾಚಿಕೆಯಾಯಿತು.

ಆಮೇಲೆ ಮನೆಯ ರೀತಿ ಬದಲಾಯಿತು. ಒಂದು ಸಲಕ್ಕೆ ಒಂದೇ ಚಿಕ್ಕ ಪ್ರಶ್ನೆ. ಕೇಳುವಾಗ ಟಿ.ವಿ. ಬಂದ್. ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ ಕಾಯುವುದು. ನೀರು, ಊಟ, ಶೌಚ, ನೋವು, ನಮಾಜ್ ಇವುಗಳ ಚಿತ್ರ ಬರೆದ ರಟ್ಟುಗಳನ್ನು ಎಡಗೈಗೆ ಸಿಗುವಂತೆ ಇಟ್ಟೆವು. ಚಮಚವನ್ನೂ ಎಡಗೈಗೇ ಕೊಟ್ಟೆವು. ಅರ್ಧ ಅನ್ನ ಚೆಲ್ಲುತ್ತಿತ್ತು, ಚೆಲ್ಲಲಿ ಎಂದೆವು.

ಎರಡು ಭಾಷೆ ಬಲ್ಲವರಲ್ಲಿ ಯಾವುದು ಮೊದಲು ಮರಳುತ್ತದೆ ಎಂದು ಹೇಳಲಾಗದು. ಮನೆಯಲ್ಲಿ ಉರ್ದು ಆಡುತ್ತಿದ್ದರೂ ಅಬ್ಬಾ ಮೂವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದ್ದು ಕನ್ನಡದಲ್ಲಿ. ಐದನೇ ತಿಂಗಳಲ್ಲಿ ನಾನು ಅಕ್ಕಿ ಚೀಲ ಇಳಿಸುತ್ತಿದ್ದಾಗ ಅವರ ಬಾಯಿಂದ ಬಂದ ಮೊದಲ ಪದ 'ಎಷ್ಟು?'. ಮೊದಲ ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ. ನಂತರ ನಿಧಾನವಾದರೂ ನಿಲ್ಲಬೇಕೆಂದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅಫೇಸಿಯಾಕ್ಕೆ ಚಿಕಿತ್ಸೆ ಇದೆ. ಅಫೇಸಿಯಾದಿಂದ ಮಾತು ಶಾಶ್ವತವಾಗಿ ಕುಂದಿದರೆ ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಬರುತ್ತದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ನಮ್ಮ ದೀನ್ ಕೂಡ ರೋಗಿಯ ಮೇಲೆ ಭಾರ ಹೊರಿಸಿಲ್ಲ. ನಿಲ್ಲಲಾಗದವನು ಕುಳಿತು, ಕೂರಲಾಗದವನು ಮಲಗಿ ನಮಾಜ್ ಮಾಡಬಹುದು. ನೀರಿನಿಂದ ಕೇಡಾಗುವಂತಿದ್ದರೆ ತಯಮ್ಮುಮ್ ಇದೆ. ಇಯಾದತ್, ಅಂದರೆ ರೋಗಿಯನ್ನು ಕಾಣಲು ಹೋಗುವುದು, ಒಬ್ಬ ಮುಸ್ಲಿಮನಿಗೆ ಇನ್ನೊಬ್ಬನ ಮೇಲಿರುವ ಹಕ್ಕು. ಹೋಗಿ, ದುಆ ಮಾಡಿ, ಬೇಗ ಎದ್ದು ಬನ್ನಿ. ರೋಗಿಯನ್ನೇ ಮಾತಾಡಿಸಿ, ಪಕ್ಕದಲ್ಲಿ ನಿಂತವರನ್ನಲ್ಲ.

ಕೊನೆಯದಾಗಿ ಹೇಳಲು ಕಷ್ಟವಾದ ಒಂದು ಮಾತು. ಆ ವರ್ಷ ನಾನು ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ದ್ವಿತೀಯ ಪಿ.ಯು.ಸಿ. ಓದುತ್ತಿದ್ದ ನನ್ನ ತಂಗಿ ಕಾಲೇಜು ಬಿಟ್ಟು ಅಬ್ಬಾ ಅವರನ್ನು ನೋಡಿಕೊಂಡಳು. ಯಾರೂ ಅವಳನ್ನು ಕೇಳಲಿಲ್ಲ, ನಾನೂ ಕೇಳಲಿಲ್ಲ. ಮಗಳಲ್ಲವೇ ಎಂದುಕೊಂಡೆವು. 2023ರ ಪರೀಕ್ಷೆ ತಪ್ಪಿತು. ಮುಂದೆ ನಾನು ಮತ್ತು ತಮ್ಮ ಬೆಳಗ್ಗೆ, ರಾತ್ರಿಯ ಪಾಳಿ ಹಂಚಿಕೊಂಡ ಮೇಲೆ 2024ರಲ್ಲಿ ಬರೆದು ಪಾಸಾದಳು. ನಾವು ಒಂದು ವರ್ಷ ಮೊದಲೇ ಹಂಚಿಕೊಳ್ಳಬಹುದಿತ್ತು.

ವಿದ್ಯಾರ್ಥಿಗಳೇ, ನಿಮ್ಮ ತರಗತಿಯ ಹುಡುಗಿಯೊಬ್ಬಳು ತಿಂಗಳುಗಟ್ಟಲೆ ಬಾರದಿದ್ದರೆ ಮನೆಗೆ ಹೋಗಿ ಕೇಳಿ, ನೋಟ್ಸ್ ಕೊಟ್ಟು ಬನ್ನಿ. ಹುಡುಗರೇ, ತಂದೆಯ ಮಗ್ಗುಲು ಬದಲಿಸುವುದನ್ನು ಕಲಿಯಿರಿ. ಸಂಘದ ಹಿರಿಯರಲ್ಲಿ ನನ್ನ ಅರಿಕೆ ಇಷ್ಟೇ: ವಿದ್ಯಾರ್ಥಿವೇತನದ ಅರ್ಜಿಯಲ್ಲಿ 'ಮನೆಯಲ್ಲಿ ರೋಗಿಯ ಆರೈಕೆ ಮಾಡುತ್ತಿದ್ದೀರಾ?' ಎಂಬ ಒಂದು ಸಾಲು ಸೇರಿಸಿ. ಹೌದು ಎಂದವರ ಮನೆಗೆ ಒಮ್ಮೆ ಹೋಗಿ ಬನ್ನಿ.

ಅಬ್ಬಾ ಈಗ ಕೋಲು ಹಿಡಿದು ಮಸೀದಿಯ ಬಾಗಿಲವರೆಗೆ ನಡೆಯುತ್ತಾರೆ. ಪದಗಳು ಇನ್ನೂ ತಡವರಿಸುತ್ತವೆ, ನಾವು ಕಾಯುತ್ತೇವೆ. ಅಲ್ಲಾಹನು ಎಲ್ಲ ರೋಗಿಗಳಿಗೆ ಶಿಫಾ ನೀಡಲಿ, ಅವರ ಬಳಿ ಇರುವವರಿಗೆ ಸಬ್ರ್ ನೀಡಲಿ. ಆಮೀನ್.